ಮುಚ್ಚಳದ ಮೇಲೆ ಕೂತವಳು

ದೇವರು ಇದ್ದಾನೋ ಇಲ್ಲವೋ ಎಂದು ಇತ್ಯರ್ಥ ಮಾಡಲು ಎಂಟುನೂರು ಜನ ಸಭಾಂಗಣದಲ್ಲಿ ಕೂತಿದ್ದರು. ಹಿಂದುಗಡೆ ಕಕ್ಕಸು ಕಟ್ಟಿಕೊಂಡಿತ್ತು.

ಗಂಡಸರಿಗೆ ಆರು, ಹೆಂಗಸರಿಗೆ ನಾಲ್ಕು, ಒಟ್ಟು ಹತ್ತು ಕಕ್ಕಸು. ಬೆಳಗ್ಗೆ ಹತ್ತೂವರೆಗೆ ಗಂಡಸರ ಕಡೆಯ ಮೂರರಲ್ಲಿ ನೀರು ಕೆಳಗೆ ಹೋಗುವುದು ನಿಂತಿತು. ಹನ್ನೊಂದಕ್ಕೆ ಕೆಳಗಿದ್ದದ್ದು ಮೇಲೆ ಬರತೊಡಗಿತು. ಚಹಾ ಕುಡಿದು ಹೋದವರು ಮೂಗು ಮುಚ್ಚಿಕೊಂಡು ವಾಪಸು ಬಂದರು. ಒಬ್ಬ ದೊಡ್ಡ ಮನುಷ್ಯ ಪ್ಯಾಂಟಿನ ಅಂಚನ್ನು ಮೇಲೆತ್ತಿಕೊಂಡು, ಇದೇನ್ರೀ ಸಭಾಂಗಣ, ದನದ ಕೊಟ್ಟಿಗೆಯಾ ಎಂದು ಮ್ಯಾನೇಜರನ್ನು ತರಾಟೆಗೆ ತೆಗೆದುಕೊಂಡ. ಮ್ಯಾನೇಜರ್ ಕೈ ಹಿಸುಕಿಕೊಳ್ಳುತ್ತ, ಹತ್ತೇ ನಿಮಿಷ ಸಾರ್, ಸರಿ ಮಾಡಿಸ್ತೀನಿ ಎಂದ. ಸರಿ ಮಾಡುವವನು ಯಾರು ಅಂತ ಆ ದೊಡ್ಡ ಮನುಷ್ಯ ಕೇಳಲಿಲ್ಲ.

ಪೊರಕೆಯಕ್ಕ ಮೊದಲನೇ ಸಾಲಿನಲ್ಲಿ ಕೂತಿದ್ದಳು. ಅವಳಿಗೆ ಬೇರೆ ಹೆಸರಿತ್ತು, ಆದರೆ ಹದಿನಾಲ್ಕು ವರ್ಷದಿಂದ ಆ ಸಭಾಂಗಣದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅಲ್ಲಿನ ಒಂದೊಂದು ಕುರ್ಚಿಯ ಅಡಿಭಾಗ ಅವಳಿಗೆ ಗೊತ್ತು. ಯಾವುದರ ಕಾಲು ಅಲ್ಲಾಡುತ್ತದೆ, ಯಾವುದರ ಕೆಳಗೆ ಅಗಿದು ಉಗಿದದ್ದನ್ನು ಅಂಟಿಸಿದ್ದಾರೆ, ಎಲ್ಲ ಗೊತ್ತು. ಕುರ್ಚಿಯ ಮೇಲೆ ಕೂತದ್ದು ಅವತ್ತೇ ಮೊದಲು. ಒಗೆದ ಬಟ್ಟೆ ಉಟ್ಟುಕೊಂಡು ಬಾ ಅಂದಿದ್ದರು, ಉಟ್ಟುಕೊಂಡು ಬಂದಿದ್ದಳು. ಕೈಯಲ್ಲಿ ಏನೂ ಇಲ್ಲದೆ ಕೂರುವುದು ಹೇಗೆಂದು ತಿಳಿಯದೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

ಅವಳನ್ನು ಕರೆಸಿದ್ದು ವೇದಿಕೆಗೆ ಹತ್ತಿಸುವುದಕ್ಕೆ. ಕರೆಸಿದವರು ಒಬ್ಬರಲ್ಲ, ಇಬ್ಬರೂ. ದೇವರಿದ್ದಾನೆ ಎನ್ನುವ ಗುರುಗಳು ಮತ್ತು ಇಲ್ಲವೇ ಇಲ್ಲ ಎನ್ನುವ ಪ್ರೊಫೆಸರ್. ಮೂರು ತಿಂಗಳ ಹಿಂದೆ ಈ ಇಬ್ಬರ ವಾದದ ಮೊದಲ ಸುತ್ತು ಇದೇ ಸಭಾಂಗಣದಲ್ಲಿ ನಡೆದಿತ್ತು. ಅದೇ ದಿನ ಬೆಳಗ್ಗೆ ಸಭಾಂಗಣದ ಹಿಂದಿನ ಮಲದ ಗುಂಡಿಯಲ್ಲಿ ಅವಳ ಗಂಡ ಸತ್ತಿದ್ದ. ವಾದ ಮುಕ್ಕಾಲು ಗಂಟೆ ತಡವಾಗಿ ಶುರುವಾಯಿತು. ತಾಂತ್ರಿಕ ಕಾರಣದಿಂದ ತಡವಾಗಿದೆ, ಕ್ಷಮಿಸಿ ಎಂದು ಮೈಕಿನಲ್ಲಿ ಹೇಳಿದರು. ಅವಳ ಗಂಡ ತಾಂತ್ರಿಕ ಕಾರಣವಾಗಿ ಹಿಂದಿನ ಗೇಟಿನಿಂದ ಹೊರಗೆ ಹೋದ.

ಅವತ್ತು ನಡೆದದ್ದು ಪೂರ್ತಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಗುಂಡಿಗೆ ಇಳಿಯುವವರು ಸಾಮಾನ್ಯವಾಗಿ ಕುಡಿದೇ ಇಳಿಯುತ್ತಾರೆ. ಕುಡಿಯದೆ ಆ ನಾತ ತಡೆಯುವ ಮೂಗು ಇನ್ನೂ ಹುಟ್ಟಿಲ್ಲ. ಆದರೆ ಅವತ್ತು ಮ್ಯಾನೇಜರ್ ಗೇಟಿನ ಹತ್ತಿರವೇ ನಿಂತು ಕೆಲಸದವರ ಬಾಯಿ ಮೂಸಿ ನೋಡಿದ್ದ. ದೊಡ್ಡವರು ಬರ್ತಾರೆ, ಯಾರ ಬಾಯಿಂದಾದ್ರೂ ವಾಸನೆ ಬಂದ್ರೆ ನಾಳೆಯಿಂದ ಬರಬೇಡಿ ಅಂದಿದ್ದ. ಅವಳ ಗಂಡ ಬರಿಗಂಟಲಲ್ಲೇ ಇಳಿದ. ಇಳಿಯುವಾಗ ದೇವರನ್ನೂ ನೆನೆಯಲಿಲ್ಲ, ದೆವ್ವವನ್ನೂ ನೆನೆಯಲಿಲ್ಲ. ಸ್ನಾನಕ್ಕೆ ನೀರು ಕಾಯೋಕೆ ಇಟ್ಟಿದ್ದೀಯಾ ಅಂತ ಕೇಳಿದ, ಅಷ್ಟೇ.

ಹಗ್ಗ ಹಿಡಿಯುವುದು ಯಾವತ್ತೂ ಅವನ ತಮ್ಮನ ಕೆಲಸ. ಅವತ್ತು ತಮ್ಮನನ್ನು ಕುರ್ಚಿ ಜೋಡಿಸುವುದಕ್ಕೆ ಎಳೆದುಕೊಂಡು ಹೋಗಿದ್ದರು. ಹಾಗಾಗಿ ಹಗ್ಗ ಹೆಂಡತಿಯ ಕೈಗೆ ಬಂತು. ಬೇರೆ ದಿನ ಮೇಲಿನವರು ಕೂಗುತ್ತಿದ್ದರು, ಕೆಳಗಿನವನು ಓಗೊಡುತ್ತಿದ್ದ. ಅವತ್ತು ಕೂಗಿದರೆ ಕೇಳಿಸುತ್ತಿರಲಿಲ್ಲ, ತಲೆಯ ಮೇಲೇ ಲೌಡ್‌ಸ್ಪೀಕರ್ ಕಟ್ಟಿ ಹಲೋ ಹಲೋ ಅಂತ ಮೈಕು ಪರೀಕ್ಷೆ ಮಾಡುತ್ತಿದ್ದರು. ಸರಿ, ಹಗ್ಗದಲ್ಲೇ ಮಾತಾಡೋಣ ಅಂದ ಗಂಡ. ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೀನಿ ಅಂತ. ಎರಡು ಸಲ ಜಗ್ಗಿದರೆ ಖಾಲಿ ಬಕೆಟ್ ಬಿಡು ಅಂತ. ಮೂರು ಸಲ ಜಗ್ಗಿದರೆ ನನ್ನ ಮೇಲಕ್ಕೆ ಎಳಿ ಅಂತ.

ಹಗ್ಗ ಎರಡು ಸಲ ಜಗ್ಗಿತು. ಅವಳು ಬಕೆಟ್ ಬಿಟ್ಟಳು.

ಮೂರನೆಯ ಸಲ ಜಗ್ಗಲು ಅವನ ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಅದು ಆಮೇಲೆ ತಿಳಿಯಿತು. ಬಕೆಟ್ ತುಂಬಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವಳು ಸುಮ್ಮನೆ ಕಾದಳು. ಇನ್ನೂ ಸ್ವಲ್ಪ ಕಾದಳು. ಬಕೆಟ್ ಎಳೆದರೆ ಹಗುರವಾಗಿ ಬಂತು. ಆಗ ಬಗ್ಗಿ ನೋಡಿದಳು.

ಕುಡಿದ ಅಮಲಿನಲ್ಲಿ ತಾನಾಗಿಯೇ ಗುಂಡಿಗೆ ಇಳಿದು ಕಾಲುಜಾರಿ ಬಿದ್ದ ಎಂದು ಸಭಾಂಗಣದವರು ಬರೆದುಕೊಟ್ಟರು. ಅವಳು ಬಾಯಿ ಬಿಡಲಿಲ್ಲ. ಕುಡಿದಿರಲಿಲ್ಲ ಅಂದರೆ ಮತ್ತೆ ಹೇಗೆ ಸತ್ತ ಅಂತ ಕೇಳುತ್ತಾರೆ. ಹೇಗೆ ಸತ್ತ ಅಂತ ಹೇಳಹೊರಟರೆ ಹಗ್ಗ ಯಾರ ಕೈಯಲ್ಲಿತ್ತು ಅಂತ ಕೇಳುತ್ತಾರೆ. ಮೈದುನ ಹೆಣದ ಮುಂದೆ ನಿಂತು, ಕುಡುಕ ನನ್ಮಗನೇ, ಬೇಡ ಬೇಡ ಅಂತ ಬಡ್ಕೊಂಡ್ನಲ್ಲೋ ಅಂತ ಕೂಗಾಡಿ, ಸತ್ತ ಅಣ್ಣನ ಮುಖಕ್ಕೆ ಉಗಿದ. ಆಗಲೂ ಅವಳು ಬಾಯಿ ಬಿಡಲಿಲ್ಲ. ಮೈದುನನ ಮನೆಯಲ್ಲೇ ಇದ್ದು, ಅವನ ಹೆಂಡತಿ ಬಡಿಸಿದ್ದನ್ನು ಉಂಡು, ಮೂರು ತಿಂಗಳು ಕಳೆದಳು. ಗುಂಡಿಯ ಮುಚ್ಚಳವನ್ನು ಹಾಗೇ ಹಾಕಿಬಿಟ್ಟಿದ್ದರು. ಒಳಗಿದ್ದದ್ದನ್ನು ಯಾರೂ ತೆಗೆಸಿರಲಿಲ್ಲ.

ಆ ಮೂರು ತಿಂಗಳಲ್ಲಿ ಗುರುಗಳ ಕಡೆಯವರು ಎರಡು ಸಲ ಬಂದರು, ಪ್ರೊಫೆಸರ್ ಕಡೆಯವರು ಮೂರು ಸಲ. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ. ನಿನ್ನ ಗಂಡ ದೇವರನ್ನ ನಂಬ್ತಿದ್ನಾ? ಇಳಿಯುವಾಗ ದೇವರ ಹೆಸರು ಹೇಳಿದ್ನಾ? ಹೇಳಿದ್ದ ಅನ್ನಿಸಿಕೊಂಡು ಹೋಗುವ ಆಸೆ ಇಬ್ಬರಿಗೂ ಇತ್ತು. ಹೇಳಿದ್ದರೆ ಗುರುಗಳ ಲೆಕ್ಕದಲ್ಲಿ ಅವನು ಸದ್ಗತಿಗೆ ಹೋದ. ಹೇಳಿದ್ದರೆ ಪ್ರೊಫೆಸರ್ ಲೆಕ್ಕದಲ್ಲಿ ಕರೆದರೂ ದೇವರು ಬರಲಿಲ್ಲ. ಇಲ್ಲ, ಹೇಳಲಿಲ್ಲ ಅಂತಷ್ಟೇ ಅವಳು ಇಬ್ಬರಿಗೂ ಅಂದಿದ್ದಳು. ಅವನನ್ನು ಆ ಗುಂಡಿಗೆ ಇಳಿಸಿದ್ದು ಯಾರು ಅಂತ ಎರಡು ಕಡೆಯ ಒಬ್ಬನೂ ಕೇಳಲಿಲ್ಲ. ಇಳಿದದ್ದು ಅವನು, ಆದ್ದರಿಂದ ತಾನಾಗಿಯೇ ಇಳಿದ. ಎಷ್ಟು ಸಲೀಸು ನೋಡಿ.

ವೇದಿಕೆಯ ಮೇಲೆ ಗುರುಗಳು ಮಾತಾಡುತ್ತಿದ್ದರು. ದನಿ ಬೆಣ್ಣೆಯಂತೆ ಇತ್ತು.

"ಕುರುಡನಿಗೆ ಸೂರ್ಯ ಕಾಣಲ್ಲ. ಹಾಗಂತ ಬಿಸಿಲು ಅವನ ಮೈಗೆ ತಾಗದೇ ಇರುತ್ತಾ? ಇಲ್ಲಿ ಮೊದಲನೇ ಸಾಲಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಾಳೆ. ಗಂಡ ಕುಡಿತಕ್ಕೆ ಬಿದ್ದ. ದೇವರನ್ನ ಮರೆತ. ಮರೆತವನಿಗೆ ಏನಾಯ್ತು ಅಂತ ನಾನು ಹೇಳಬೇಕಾಗಿಲ್ಲ."

ಅರ್ಧ ಸಭೆ ಚಪ್ಪಾಳೆ ತಟ್ಟಿತು. ಪ್ರೊಫೆಸರ್ ಮೈಕನ್ನು ಹತ್ತಿರ ಎಳೆದುಕೊಂಡರು.

"ಬಿಸಿಲನ್ನ ಅಳೀಬಹುದು ಸ್ವಾಮಿ, ನಿಮ್ಮ ದೇವರನ್ನ ಅಳೆದು ತೋರಿಸಿ. ಅವನು ಯಾಕೆ ಕುಡಿದ? ಇದು ನಿನ್ನ ಹಣೆಬರಹ ಅಂತ ನೀವು ತಲೆತಲಾಂತರದಿಂದ ಅವನ ಕಿವಿಗೆ ಊದಿದ್ರಿ, ಅದಕ್ಕೆ ಕುಡಿದ. ಅವನ ಹೆಂಡತಿಯನ್ನೇ ಇವತ್ತು ಕೇಳೋಣ."

ಉಳಿದರ್ಧ ಸಭೆ ಚಪ್ಪಾಳೆ ತಟ್ಟಿತು. ಇಬ್ಬರೂ ಸೇರಿ ಬರಿಗಂಟಲಲ್ಲಿ ಸತ್ತವನ ಬಾಯಿಗೆ ಹೆಂಡ ಹೊಯ್ಯುತ್ತಿದ್ದರು. ತಾನು ಬಾಯಿ ಮುಚ್ಚಿಕೊಂಡು ಉಳಿಸಿದ ಸುಳ್ಳನ್ನೇ ಇವರು ಎರಡು ಪಾಲು ಮಾಡಿಕೊಂಡು ತಿನ್ನುತ್ತಿದ್ದಾರೆ ಎಂದು ಪೊರಕೆಯಕ್ಕನಿಗೆ ಗೊತ್ತಾಯಿತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಅಷ್ಟರಲ್ಲಿ ಮ್ಯಾನೇಜರ್ ಬೆನ್ನು ಬಗ್ಗಿಸಿಕೊಂಡು ಮೊದಲನೇ ಸಾಲಿನ ಮುಂದೆ ಹಾದುಹೋದ. ತುದಿಯಲ್ಲಿ ನಿಂತಿದ್ದ ವಾಚ್‌ಮನ್ ತಾತನಿಗೆ ಪಿಸುಗುಟ್ಟಿದ.

"ಅವಳ ಮೈದುನನ್ನ ಇಳಿಸು. ಹಗ್ಗ ನೀನೇ ಹಿಡ್ಕೊ. ಬೇಗ."

"ಗುಂಡಿಯಿಂದ ಹೀರಿ ತೆಗೆಯೋ ಮೆಷಿನ್ ಗಾಡಿ ಬರುತ್ತೆ ಅಂದಿದ್ರಲ್ಲ ಸಾರ್?"

"ನಾಳೆ ಬರುತ್ತೆ. ನಾಳೆ ತನಕ ಇವರೆಲ್ಲ ಕಟ್ಕೊಂಡು ಕೂತಿರ್ತಾರಾ?"

ಪೊರಕೆಯಕ್ಕ ಎದ್ದಳು. ಸಂಘಟಕರಲ್ಲಿ ಒಬ್ಬ, ಈಗಲೇ ಬೇಡಮ್ಮ, ಕರೀತೀವಿ, ಕೂತ್ಕೊ ಅಂತ ಕೈ ಸನ್ನೆ ಮಾಡಿದ. ಅವಳು ಅದನ್ನು ಲೆಕ್ಕಿಸಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಬಿದ್ದು, ನೀರಿನ ಟ್ಯಾಂಕ್ ದಾಟಿ, ಕಕ್ಕಸಿನ ಗೋಡೆ ಬಳಸಿ ಹಿಂದಕ್ಕೆ ಬಂದಳು.

ಮೈದುನ ಅಂಗಿ ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದ. ಬರೀ ಚಡ್ಡಿಯಲ್ಲಿ ನಿಂತು ತೋಳಿಗೆ, ಎದೆಗೆ ಎಣ್ಣೆ ಸವರಿಕೊಳ್ಳುತ್ತಿದ್ದ. ಎಣ್ಣೆ ಹಚ್ಚಿಕೊಂಡರೆ ಮೈಗೆ ಮೆತ್ತಿದ್ದು ಆಮೇಲೆ ತೊಳೆದಾಗ ಬೇಗ ಬಿಡುತ್ತದೆ. ಹಾರೆ ಹಾಕಿ ಮುಚ್ಚಳವನ್ನು ಒಂದು ಬೆರಳಿನಷ್ಟು ಎತ್ತಿದ್ದ. ಆ ಸಂದಿನಿಂದ ಬಂದ ನಾತಕ್ಕೆ ಅವಳ ಕಣ್ಣು ಉರಿಯಿತು. ಅವಳು ಹಾರೆಯನ್ನು ಕಾಲಿನಿಂದ ಒದ್ದಳು. ಮುಚ್ಚಳ ದಡ್ಡನೆ ಕೂತಿತು. ಅದರ ಮೇಲೆ ಅವಳು ಕೂತಳು. ಬಿಸಿಲಿಗೆ ಕಬ್ಬಿಣ ಕಾದಿತ್ತು, ಒಗೆದ ಬಟ್ಟೆಯ ಮೂಲಕ ತೊಡೆ ಸುಟ್ಟಿತು. ಆದರೂ ಅಲುಗಲಿಲ್ಲ.

"ಏನತ್ತಿಗೆ ಇದು? ಏಳು."

"ಏಳಲ್ಲ."

"ತಮಾಷೆಗೆ ಹೊತ್ತಿಲ್ಲ. ಮ್ಯಾನೇಜರ್ ಬರ್ತಾನೆ."

"ಬರ್ಲಿ."

ಮ್ಯಾನೇಜರ್ ಬಂದ. ಮೊದಲು ನಕ್ಕ. ಒಂದು ಮಾತಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದ.

"ಏನಮ್ಮಾ, ಅಲ್ಲಿ ವೇದಿಕೆ ಮೇಲೆ ನಿನಗೆ ಮರ್ಯಾದೆ ಮಾಡ್ಬೇಕು ಅಂತಿದ್ದಾರೆ, ನೀನು ಇಲ್ಲಿ ಬಂದು ಕೂತಿದ್ದೀಯ. ಏಳು."

"ಇಲ್ಲೇ ಮಾಡಿ ಮರ್ಯಾದೆ. ಇಲ್ಲೇ ಸತ್ತಿದ್ದು ಅವನು."

"ನೋಡು, ಒಳ್ಳೇ ಮಾತಲ್ಲಿ ಹೇಳ್ತಿದ್ದೀನಿ. ಒಳಗೆ ಎಂಟುನೂರು ಜನ ಇದ್ದಾರೆ."

"ಎಂಟುನೂರು ಜನ ಹೇತಿದ್ದಕ್ಕೆ ಒಬ್ಬ ಯಾಕೆ ಸಾಯ್ಬೇಕು ಸಾರ್?"

ಮ್ಯಾನೇಜರ್ ಮುಖ ಕೆಂಪಾಯಿತು. ಅವಳ ಬಾಯಿಂದ ಹದಿನಾಲ್ಕು ವರ್ಷದಲ್ಲಿ ಅಂಥ ಮಾತು ಅವನು ಕೇಳಿರಲಿಲ್ಲ. ಎಳೆದು ಹಾಕೋ ಇವಳನ್ನ ಅಂತ ವಾಚ್‌ಮನ್ ತಾತನ ಕಡೆ ತಿರುಗಿದ. ತಾತ ನೆಲ ನೋಡಿಕೊಂಡು, ಹೆಂಗಸಿನ ಮೈ ಮುಟ್ಟೋದು ನನ್ನ ಕೈಲಾಗಲ್ಲ ಸಾರ್ ಅಂದ. ಮುಟ್ಟಲು ಮ್ಯಾನೇಜರನಿಗೂ ಮನಸ್ಸಿರಲಿಲ್ಲ. ಅವನ ಅಂಜಿಕೆ ಬೇರೆ. ಗುಂಡಿಯ ಮೇಲೆ ಕೂತವಳನ್ನು ಮುಟ್ಟಿದರೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮತ್ತೆ ಒಳಗೆ ಹೋಗುವುದು ಹೇಗೆ?

ಗೋಡೆಗೆ ಕಟ್ಟಿದ ಲೌಡ್‌ಸ್ಪೀಕರ್ ಮಧ್ಯಂತರ ವಿರಾಮ ಅಂತ ಕೂಗಿತು. ವಿರಾಮಕ್ಕೆ ಎದ್ದ ಜನ ಕಕ್ಕಸಿನ ತನಕ ಬಂದು, ಬಾಗಿಲಲ್ಲೇ ಹಿಂದೆ ಸರಿದು, ಯಾರನ್ನೋ ಬೈಯುತ್ತ ನಿಂತರು. ಒಳಗಿನ ನೆಲದ ಮೇಲೆ ಕಪ್ಪು ನೀರು ಹೊಸ್ತಿಲ ತನಕ ಬಂದಿತ್ತು. ಹತ್ತೇ ನಿಮಿಷದಲ್ಲಿ ಪ್ರೊಫೆಸರ್ ಬಂದರು, ಅವರ ಹಿಂದೆ ಗುರುಗಳೂ ಬಂದರು. ವೇದಿಕೆಯ ಮೇಲೆ ಒಬ್ಬರ ಮುಖ ಒಬ್ಬರು ನೋಡದವರು ಇಲ್ಲಿ ಒಂದೇ ನೆರಳಿನಲ್ಲಿ ನಿಂತರು.

"ಅಮ್ಮಾ," ಅಂದರು ಪ್ರೊಫೆಸರ್. "ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಾನು ನಿಮ್ಮ ಪರ ಇರೋನು. ಆದರೆ ಇವತ್ತು ಈ ಸಭೆ ನಿಂತುಹೋದರೆ ಗೆಲ್ಲೋರು ಯಾರು ಯೋಚನೆ ಮಾಡಿ. ನಿಮ್ಮನ್ನ ಈ ಗುಂಡಿಗೆ ತಳ್ಳಿದ ಮೌಢ್ಯವೇ ಗೆಲ್ಲೋದು. ಇವತ್ತೊಂದು ದಿನ ಅಷ್ಟೇ. ಮುಂದೆ ಇದರ ಬಗ್ಗೇನೇ ಒಂದು ಹೋರಾಟ ಮಾಡೋಣ."

"ಮಗಳೇ," ಅಂದರು ಗುರುಗಳು. "ಯಾವ ಕೆಲಸವೂ ಕೀಳಲ್ಲ. ಮಾಡೋ ಕೆಲಸದಲ್ಲೇ ದೇವರಿದ್ದಾನೆ. ನಿನ್ನ ಮೈದುನ ಮಾಡೋದು ಸೇವೆ. ಅವನ ಜೊತೆ ನನ್ನ ಪ್ರಾರ್ಥನೆ ಇರುತ್ತೆ. ಎದ್ದೇಳು ತಾಯಿ."

ಪ್ರೊಫೆಸರ್ ತಲೆ ಆಡಿಸಿದರು. ಹೌದಮ್ಮಾ, ಎದ್ದೇಳಿ ಅಂದರು. ಎರಡು ಸುತ್ತಿನ ವಾದದಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮಾತು ಇದೊಂದೇ.

ಪೊರಕೆಯಕ್ಕ ಗುರುಗಳ ಮುಖ ನೋಡಿದಳು.

"ಈ ಕೆಲಸದಲ್ಲಿ ದೇವರಿದ್ದಾನಾ?"

"ಇದ್ದಾನೆ ಮಗಳೇ."

"ಹಂಗಾದ್ರೆ ಇಳೀರಿ. ಕೆಳಗೇ ಸಿಗ್ತಾನೆ, ನೋಡ್ಕೊಂಡು ಬರ್ಬಹುದು." ಪ್ರೊಫೆಸರ್ ಕಡೆ ತಿರುಗಿದಳು. "ನೀವೂ ಇಳೀರಿ ಸಾರ್. ಇಲ್ಲ ಅಂತ ಕಣ್ಣಾರೆ ನೋಡಿ ಬಂದು ಹೇಳಿ. ನಾನು ಎದ್ದು ಜಾಗ ಬಿಡ್ತೀನಿ."

ವಾಚ್‌ಮನ್ ತಾತ ನಗು ತಡೆಯಲಾಗದೆ ಕೆಮ್ಮಿದ. ಗುರುಗಳು ಕಣ್ಣು ಮುಚ್ಚಿಕೊಂಡರು. ನನಗೆ ಆಸ್ತಮಾ ಇದೆಯಮ್ಮಾ ಅಂದರು ಪ್ರೊಫೆಸರ್. ಅಂದ ಮೇಲೆ ತಾನು ಅಂದದ್ದೇನು ಅಂತ ಅವರಿಗೇ ಕೇಳಿಸಿತೇನೋ, ನಾಲಿಗೆ ಕಚ್ಚಿಕೊಂಡು ಬೂಟು ನೋಡಿಕೊಂಡರು. ಆಮೇಲೆ ಇಬ್ಬರೂ, ಮ್ಯಾನೇಜರೇ, ನೀವೇ ಏನಾದ್ರೂ ಮಾಡಿ ಅಂತ ಕೈ ತೊಳೆದುಕೊಂಡು ಹೊರಟುಹೋದರು.

ಮ್ಯಾನೇಜರ್ ಈಗ ಮೈದುನನ ಕಡೆ ಬೆರಳು ತೋರಿಸಿದ.

"ನಿಮ್ಮತ್ತಿಗೆ, ನೀನೇ ಎಬ್ಬಿಸು. ಐದು ನಿಮಿಷದಲ್ಲಿ ನೀನು ಒಳಗಿರ್ಬೇಕು. ಇಲ್ಲಾಂದ್ರೆ ಇಬ್ರೂ ಗೇಟಿನ ಹೊರಗೆ."

ಮೈದುನ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಎಣ್ಣೆ ಸವರಿದ ಎದೆ ಏರಿಳಿಯುತ್ತಿತ್ತು. ಅಣ್ಣನದೇ ಭುಜ, ಅಣ್ಣನದೇ ಕೊರಳು. ಅವಳಿಗೆ ಅವನನ್ನು ನೋಡಲಾಗಲಿಲ್ಲ.

"ಏಳತ್ತಿಗೆ. ನಿನ್ನ ಕಾಲಿಗೆ ಬೀಳ್ತೀನಿ. ಮನೇಲಿ ಅವಳಿಗೆ ದಿನ ತುಂಬಿದೆ. ಈ ಕೆಲಸ ಹೋದ್ರೆ ಇನ್ನೆಲ್ಲಿ ಹೋಗ್ಲಿ? ನಮ್ಮನ್ನ ಯಾರು ಒಳಗೆ ಬಿಟ್ಕೊಳ್ತಾರೆ?"

"ಹೋಗ್ಲಿ ಕೆಲಸ. ನೀನು ಉಳಿ."

"ನನಗೇನೂ ಆಗಲ್ಲ. ಯಾಕೆ ಹೆದರ್ತೀಯ? ಅಣ್ಣ ಕುಡಿದು ಇಳಿದ, ಬಿದ್ದ. ನಾನು ಕುಡಿಯಲ್ಲ. ನೀನೇ ಮೂಸಿ ನೋಡು." ಅವಳ ಮುಖದ ಹತ್ತಿರ ಬಾಯಿ ತಂದು ಉಸಿರು ಬಿಟ್ಟ. ಹಲ್ಲುಜ್ಜಿದ ಪುಡಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. "ಎಚ್ಚರವಾಗಿರೋನಿಗೆ ಏನೂ ಆಗಲ್ಲ ಅತ್ತಿಗೆ. ಹತ್ತು ನಿಮಿಷದ ಕೆಲಸ."

ಆ ಸುಳ್ಳು ಇವನ ಕೈ ಹಿಡಿದು ಗುಂಡಿಯ ಬಾಯಿಗೆ ತಂದು ನಿಲ್ಲಿಸಿತ್ತು. ಇವನು ಅದನ್ನು ನಂಬಿಕೊಂಡು ಎಣ್ಣೆ ಹಚ್ಚಿಕೊಂಡಿದ್ದ. ಅದನ್ನು ಬಿಡಿಸುವ ಮಾತು ಅವಳ ಹತ್ತಿರ ಒಂದೇ ಇತ್ತು. ಹೇಳಿದರೆ ಇವನು ಉಳಿಯುತ್ತಾನೆ, ತನ್ನ ಪಾಲಿಗೆ ಮಾತ್ರ ಇವನು ಉಳಿಯುವುದಿಲ್ಲ. ಮೂರು ತಿಂಗಳು ಅವಳು ಆ ಲೆಕ್ಕದಲ್ಲೇ ಬಾಯಿಗೆ ಬೀಗ ಹಾಕಿದ್ದಳು.

"ನಿಮ್ಮಣ್ಣ ಅವತ್ತು ಕುಡಿದಿರಲಿಲ್ಲ," ಅಂದಳು.

"ಏನು?"

"ಒಂದು ತೊಟ್ಟೂ ಕುಡಿದಿರಲಿಲ್ಲ. ಇವರೇ ಬಾಯಿ ಮೂಸಿ ಒಳಗೆ ಬಿಟ್ಟಿದ್ದು, ಕೇಳು ಬೇಕಾದ್ರೆ. ನಿನ್ನ ಬಾಯಿ ಹೆಂಗಿದೆಯೋ ಅವನ ಬಾಯೂ ಹಂಗೇ ಇತ್ತು. ಒಳಗೆ ಗಾಳಿ ಕೆಟ್ಟಿತ್ತು. ಅದಕ್ಕೆ ಸತ್ತ."

ಮೈದುನ ಮ್ಯಾನೇಜರ್ ಕಡೆ ನೋಡಿದ. ಮ್ಯಾನೇಜರ್ ಗಡಿಯಾರ ನೋಡಿಕೊಂಡ.

"ಮತ್ತೆ ಕೂಗಲಿಲ್ವಾ ಅವನು? ಹಗ್ಗ ಇತ್ತಲ್ಲ?"

"ಹಗ್ಗ ನನ್ನ ಕೈಲಿತ್ತು. ಕೂಗಿದ್ರೆ ಕೇಳಿಸ್ತಿರಲಿಲ್ಲ, ಮೈಕು ಬಡ್ಕೊಳ್ತಿತ್ತು. ಎರಡು ಸಲ ಜಗ್ಗಿದ. ಎರಡು ಅಂದ್ರೆ ಬಕೆಟ್ ಅಂತ. ನಾನು ಬಕೆಟ್ ಬಿಟ್ಟೆ. ಅವನು ಎಳಿ ಅಂತಿದ್ದ ಕಣೋ. ನಾನು ಬಕೆಟ್ ಬಿಟ್ಟು ಕಾಯ್ತಾ ಕೂತೆ."

ಅವಳು ಅಳಲಿಲ್ಲ. ಅಳು ಬರುವ ಜಾಗ ಒಣಗಿಹೋಗಿತ್ತು. ಮೈದುನ ಎಣ್ಣೆ ಕೈಯನ್ನು ಒರೆಸಿಕೊಳ್ಳುವುದಕ್ಕೆ ಏನಾದರೂ ಸಿಗುತ್ತದೇನೋ ಎಂದು ನೆಲದಲ್ಲಿ ತಡಕಾಡಿದ.

"ನಾನು ಅವನ ಮುಖಕ್ಕೆ ಉಗಿದೆ ಅತ್ತಿಗೆ."

"ಗೊತ್ತು."

"ನೀನು ಪಕ್ಕದಲ್ಲೇ ನಿಂತಿದ್ದೆ."

"ನಿಂತಿದ್ದೆ."

"ನಮ್ಮಣ್ಣನ ಹೆಣದ ಮುಖಕ್ಕೆ ನಾನು ಉಗಿದೆ. ನೀನು ನೋಡ್ಕೊಂಡು ನಿಂತಿದ್ದೆ. ಆಮೇಲೆ ನಮ್ಮನೇಲಿ ಕೂತು ಉಂಡೆ." ಅವನ ದನಿ ಒಡೆದುಹೋಯಿತು. ಹೊಡೆಯುವುದಕ್ಕೆಂದೇ ಕೈ ಎತ್ತಿದ. ಅವಳು ಕೆನ್ನೆ ತಿರುಗಿಸಲಿಲ್ಲ. ಎತ್ತಿದ ಕೈ ಹಾಗೇ ಕೆಳಗೆ ಬಿತ್ತು.

ಅವನು ಎದ್ದು ಗೋಡೆಯ ಹತ್ತಿರ ಹೋದ. ಮೊಳೆಯಿಂದ ಅಂಗಿ ತೆಗೆದು ಎಣ್ಣೆ ಮೈಮೇಲೇ ಹಾಕಿಕೊಂಡ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬೆರಳು ಜಾರಿತು, ಮತ್ತೆ ಹಾಕಿಕೊಂಡ. ಬಟ್ಟೆ ಎದೆಗೆ, ಬೆನ್ನಿಗೆ ಅಂಟಿಕೊಂಡಿತು.

"ಏನೋ, ಇಳಿಯಲ್ವಾ?" ಅಂದ ಮ್ಯಾನೇಜರ್.

"ಇಳಿಯಲ್ಲ."

"ನಾಳೆ ಬಂದು ಕಾಲು ಹಿಡಿದ್ರೂ ಒಳಗೆ ಸೇರಿಸಲ್ಲ."

"ಬರಲ್ಲ. ಬಾಯಿ ಮೂಸಿ ಒಳಗೆ ಬಿಟ್ಟೋನು ನೀನು. ಕುಡುಕ ಅಂತ ಬರೆದುಕೊಟ್ಟೋನೂ ನೀನೇ." ಮ್ಯಾನೇಜರ್ ಎರಡು ಹೆಜ್ಜೆ ಹಿಂದಕ್ಕೆ ಹೋದ. ಆದರೆ ಮೈದುನ ಅವನ ಮೇಲೆ ಏರಿ ಹೋಗಲಿಲ್ಲ. ಅತ್ತಿಗೆಯ ಕಡೆ ತಿರುಗದೆ, ಗೋಡೆಗೆ ಹೇಳುವ ಹಾಗೆ ಹೇಳಿದ.

"ನಿನ್ನ ಬಟ್ಟೆಬರೆ ಹೊರಗೆ ಇಟ್ಟಿರ್ತೀನಿ. ನಮ್ಮನೆ ಹೊಸ್ತಿಲು ಇನ್ನು ತುಳೀಬೇಡ."

ಹಿಂದಿನ ಗೇಟಿನಿಂದ ಹೊರಟುಹೋದ. ತಿರುಗಿ ನೋಡುತ್ತಾನೇನೋ ಅಂತ ಅವಳು ಗೇಟಿನ ಕಡೆಯೇ ನೋಡುತ್ತಿದ್ದಳು. ನೋಡಲಿಲ್ಲ. ರಸ್ತೆಯ ತಿರುವಿನ ತನಕ ಅವನ ಅಂಗಿಯ ಬೆನ್ನಿನ ಮೇಲಿನ ಎಣ್ಣೆಯ ಕಲೆ ಕಾಣಿಸಿತು, ಆಮೇಲೆ ಅದೂ ಕಾಣಿಸಲಿಲ್ಲ.

"ಹೋದನಲ್ಲ, ಇನ್ನೇನು? ಎದ್ದು ನಡಿ," ಅಂದ ಮ್ಯಾನೇಜರ್. "ನಿನ್ನೋರು ಯಾರೂ ಇಳೀತಿಲ್ಲ ಈಗ. ಬೇರೆ ಇಬ್ಬರನ್ನ ಕರೆಸ್ತೀನಿ. ಅವರಿಗೂ ನಿನಗೂ ಏನು ಸಂಬಂಧ?"

ಅವಳು ಕಾಲು ಮಡಚಿ ಮುಚ್ಚಳದ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತಳು. ಮ್ಯಾನೇಜರ್ ಫೋನು ತೆಗೆದು ಯಾರಿಗೋ ಕೂಗಾಡಿದ. ವ್ಯಾನಿನಲ್ಲಿ ಇಬ್ಬರು ಬಂದರು, ಅವರದೇ ಹಗ್ಗ, ಅವರದೇ ಬಕೆಟ್. ಅವಳಿಗೆ ಅವರ ಗುರುತಿರಲಿಲ್ಲ. ಇಬ್ಬರಲ್ಲಿ ದೊಡ್ಡವನು ಅವಳನ್ನೂ ಮುಚ್ಚಳವನ್ನೂ ನೋಡಿ ನಿಂತ.

"ಯಾಕಕ್ಕ ಇಲ್ಲಿ ಕೂತಿದ್ದೀಯ?"

"ನನ್ನ ಗಂಡ ಇದರೊಳಗೆ ಸತ್ತ."

"ಯಾವಾಗ?"

"ಮೂರು ತಿಂಗಳಾಯ್ತು. ಕುಡಿದಿರಲಿಲ್ಲ."

ಅವನು ಇನ್ನೊಬ್ಬನ ಮುಖ ನೋಡಿದ. ಇಬ್ಬರೂ ಬಕೆಟ್ ಬೋರಲು ಹಾಕಿ ಗೋಡೆಯ ನೆರಳಿನಲ್ಲಿ ಅದರ ಮೇಲೆ ಕೂತರು. ಅವಳು ಏಳುವ ತನಕ ನಾವೇನು ಮಾಡೋದು ಸಾರ್ ಅಂದರು. ಮ್ಯಾನೇಜರ್ ಬೈದ. ಅವರು ಬೈಸಿಕೊಂಡು ಕೂತೇ ಇದ್ದರು.

ಒಳಗೆ ಎರಡನೇ ಸುತ್ತು ಮುಗಿಸುವ ಅವಸರ ಶುರುವಾಗಿತ್ತು. ದೇವರಿದ್ದಾನೆ ಅನ್ನುವವರು ಕೈ ಎತ್ತಿ ಎಂದು ಲೌಡ್‌ಸ್ಪೀಕರ್ ಹೇಳಿತು. ಇಲ್ಲ ಅನ್ನುವವರು ಕೈ ಎತ್ತಿ ಎಂದಿತು. ಎಣಿಸುವ ಮೊದಲೇ ಜನ ಎದ್ದು ಹೊರಟಿದ್ದರು, ಕಟ್ಟಿಕೊಂಡು ಕೂರಲು ಯಾರಿಗೂ ಆಗುತ್ತಿರಲಿಲ್ಲ. ಕಾರುಗಳು ಒಂದೊಂದಾಗಿ ಗೇಟು ದಾಟಿದವು. ಪೊರಕೆಯಕ್ಕ ತಲೆಯ ಮೇಲಿನ ಬಿಸಿಲನ್ನು ಅಂಗೈಯಿಂದ ಮರೆ ಮಾಡಿಕೊಂಡು ಕೂತಿದ್ದಳು. ಅವಳಿಗೆ ಹೋಗುವುದಕ್ಕೆ ಮನೆ ಇರಲಿಲ್ಲ, ಬೆಳಗ್ಗೆ ಎದ್ದರೆ ಕೆಲಸ ಇರಲಿಲ್ಲ. ವಾಚ್‌ಮನ್ ತಾತ ಒಂದು ಲೋಟ ನೀರು ತಂದು ಪಕ್ಕದಲ್ಲಿ ಇಟ್ಟ. ಸಭಾಂಗಣದ ಬಾಗಿಲು ಹಾಕುವ ತನಕ ಅವಳು ಏಳಲಿಲ್ಲ. ಆ ದಿನ ಆ ಗುಂಡಿಗೆ ಯಾರೂ ಇಳಿಯಲಿಲ್ಲ.